ಮಂಡೇಲಾ: ಬಾಲ್ಯದಲ್ಲಿ ಕಂಡ ಅಧಿಕಾರ

ಮಂಡೇಲಾ ಅವರ ರಾಜಕೀಯ ವಿಚಾರಗಳನ್ನು ಬಾಲ್ಯ ಎಷ್ಟರಮಟ್ಟಿಗೆ ರೂಪಿಸಿತು? ಈ ಪ್ರಶ್ನೆಗೆ ಉತ್ತರ ಬರೆಯುವವರಿಗೆ ಈ ಟಿಪ್ಪಣಿ. ಬಿಳಿಯರ ಆಳ್ವಿಕೆಯ ವಿರುದ್ಧ ಹೋರಾಡಿದ ನೆಲ್ಸನ್ ಮಂಡೇಲಾ ಹುಟ್ಟಿದ್ದು 1918ರಲ್ಲಿ, ದಕ್ಷಿಣ ಆಫ್ರಿಕಾದ ಎಂವೆಜೊ ಹಳ್ಳಿಯಲ್ಲಿ. ತಂದೆ ತೀರಿಕೊಂಡ ಮೇಲೆ ಥೆಂಬು ಜನರ ರಾಜಪ್ರತಿನಿಧಿ (ರಾಜನ ಪರವಾಗಿ ಆಳುವವರು) ಜೋಂಗಿಂಟಾಬಾ ಅವರ ಮನೆಯಲ್ಲಿ ಬೆಳೆದರು. ಇಷ್ಟು ಎಲ್ಲ ಕಡೆ ಸಿಗುತ್ತದೆ, ಬಿಡಿ. ಆ ವಯಸ್ಸಿನಲ್ಲೇ ಅಧಿಕಾರದ ಎರಡು ಮುಖ ನೋಡಿದರು ಅನ್ನುವುದನ್ನು ಹಿಡಿದುಕೊಳ್ಳಿ.

ಒಂದು, ಮ್ಯಾಜಿಸ್ಟ್ರೇಟ್. ತಂದೆ ಊರಿನ ಮುಖ್ಯಸ್ಥ. ಒಂದು ಎತ್ತಿನ ತಕರಾರಿಗೆ ಬಿಳಿಯ ಮ್ಯಾಜಿಸ್ಟ್ರೇಟ್ ಕರೆಸಿದಾಗ ಅವರು ಹೋಗಲಿಲ್ಲ. ವಿಚಾರಣೆಯೇ ಇಲ್ಲದೆ ಪದವಿ ಹೋಯಿತು, ದನಕರು ಜಮೀನೂ ಬಹುಪಾಲು ಹೋದವು. ಇದು ಮಂಡೇಲಾ ಅವರೇ ಹೇಳಿಕೊಂಡಿದ್ದು.

ಇನ್ನೊಂದು, ಜೋಂಗಿಂಟಾಬಾ ಅವರ ಸಭೆ. ಮುಖ್ಯಸ್ಥನಿಂದ ಹಿಡಿದು ಕೂಲಿಯವನವರೆಗೆ ಯಾರು ಬೇಕಾದರೂ ಎದ್ದು ಮಾತಾಡಬಹುದಿತ್ತು. ಎದುರಿಗೇ ತಪ್ಪು ಎತ್ತಿ ಆಡಿದರೂ ಜೋಂಗಿಂಟಾಬಾ ತುಟಿ ಬಿಚ್ಚುತ್ತಿರಲಿಲ್ಲ. ಎಲ್ಲರದೂ ಮುಗಿದ ಮೇಲೆ ಮಾತುಗಳನ್ನೆಲ್ಲ ಕೂಡಿಸಿ ಒಂದು ಒಪ್ಪಿಗೆಗೆ ತರಲು ನೋಡುತ್ತಿದ್ದರು. ಆಗದಿದ್ದರೆ ಇನ್ನೊಂದು ಸಭೆ. ತಲೆ ಎಣಿಸಿ ಕಡಿಮೆ ಜನರ ಬಾಯಿ ಮುಚ್ಚಿಸುವಂತಿಲ್ಲ.

ಸಿಕ್ಕಿಕೊಳ್ಳುವುದು ಇಲ್ಲೇ. 'ಸಭೆಯಿಂದ ಪ್ರಜಾಪ್ರಭುತ್ವ ಕಲಿತರು' ಅಂತ ಸುಮ್ನೆ ಒಂದು ಸಾಲು ಬರೆದುಬಿಡುತ್ತೇವೆ. ಆದರೆ ಅಲ್ಲಿ ಹೆಂಗಸರು ಮಾತಾಡುವಂತಿರಲಿಲ್ಲ. ಮುಂದೆ ಕೂತವರನ್ನು ಯಾರೂ ಆರಿಸಿರಲಿಲ್ಲ, ಅದು ಮನೆತನದಿಂದ ಬಂದ ಪದವಿ. ಹಾಗಾದರೆ ಕಲಿತಿದ್ದೇನು? ಪ್ರಶ್ನೆಯನ್ನು ಎರಡು ಮಾಡಿ ನೋಡಿ. ಅಧಿಕಾರ ಹೇಗೆ ಕೈಗೆ ಬರಬೇಕು? ಬಂದ ಮೇಲೆ ಹೇಗೆ ನಡೆಸಬೇಕು? ಸಭೆ ಕಲಿಸಿದ್ದು ಎರಡನೆಯದನ್ನು ಮಾತ್ರ. ಮೊದಲನೆಯದಕ್ಕೆ ಉತ್ತರ ಸಿಕ್ಕಿದ್ದು ಜೊಹಾನ್ಸ್‌ಬರ್ಗ್‌ಗೆ ಬಂದು ಎಎನ್‌ಸಿ (ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್, ಕರಿಯರ ಹಕ್ಕಿಗೆ ಹೋರಾಡಿದ ಪಕ್ಷ) ಸೇರಿದ ಮೇಲೆ. ಗಂಡಿಗೂ ಹೆಣ್ಣಿಗೂ, ಯಾವ ಬಣ್ಣದವರಿಗೂ ಮತ ಬೇಕು ಅನ್ನುತ್ತದೆ ಎಎನ್‌ಸಿ ಮತ್ತು ಅದರ ಜೊತೆ ಸಂಘಟನೆಗಳ ಬೇಡಿಕೆಗಳ ಪಟ್ಟಿಯಾದ 1955ರ ಸ್ವಾತಂತ್ರ್ಯ ಸನ್ನದು. ಮನೆತನದ ಹಕ್ಕಿಗೆ ಅದರಲ್ಲಿ ಜಾಗವೇ ಇಲ್ಲ.

1962ರಲ್ಲಿ ಪ್ರಿಟೋರಿಯಾದ ಕೋರ್ಟಿನಲ್ಲಿ ಮಂಡೇಲಾ ಅವರ ಮೇಲೆ ನಡೆದ ವಿಚಾರಣೆಯಲ್ಲಿ ಇದೆಲ್ಲ ಒಟ್ಟಿಗೆ ಕಾಣುತ್ತದೆ. ಸೂಟು ಬಿಟ್ಟು, ತಮ್ಮ ಜನರ ಚರ್ಮದ ಹೊದಿಕೆ ಹೊದ್ದು ಕೋರ್ಟಿಗೆ ಬಂದರು. ನಮಗೆ ಪ್ರಾತಿನಿಧ್ಯವಿಲ್ಲದ ಪಾರ್ಲಿಮೆಂಟು ಮಾಡಿದ ಕಾನೂನಿಗೆ ನಾನು ಬದ್ಧನಲ್ಲ ಅಂದರು. ಕರೆದರೂ ಹೋಗದ ತಂದೆ ನೆನಪಾಗುತ್ತಾರೆ ಅಲ್ವಾ? ಅದೇ ವಿಚಾರಣೆಯ ಕೊನೆಗೆ, ಹಳೆಯ ಆಫ್ರಿಕನ್ ಸಮಾಜ ಇಂದಿನ ಕಾಲಕ್ಕೆ ಸಾಲದು, ಆದರೂ ಕ್ರಾಂತಿಕಾರಿ ಪ್ರಜಾಪ್ರಭುತ್ವದ ಬೀಜ ಅದರಲ್ಲಿದೆ ಎಂದರು. ಯಾವುದನ್ನು ಇಟ್ಟುಕೊಂಡೆ, ಯಾವುದನ್ನು ಬಿಟ್ಟೆ ಅಂತ ಅವರೇ ಹೇಳಿದ ಹಾಗಾಯಿತು. ನನಗೆ ತುಂಬ ಇಷ್ಟವಾದ ಭಾಗ ಇದು.

ಉತ್ತರ ಬರೆಯುವಾಗ 1985ನ್ನು ಬಿಡಬೇಡಿ. ಜೈಲಿನಲ್ಲಿದ್ದುಕೊಂಡೇ, ಜೊತೆಗಾರರನ್ನು ಕೇಳದೆ, ಸರ್ಕಾರದ ಜೊತೆ ಮಾತುಕತೆಗೆ ಕೈ ಹಾಕಿದರು. ಕೇಳಿದ್ದರೆ ಬೇಡ ಅನ್ನುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಸಭೆಯ ಪಾಠಕ್ಕೆ ಇದು ನೇರ ವಿರುದ್ಧ. ಎಲ್ಲವನ್ನೂ ಬಾಲ್ಯದ ಲೆಕ್ಕಕ್ಕೆ ಬರೆಯುವವರು ಇದನ್ನು ವಿವರಿಸಲೇಬೇಕು.