ರೋಗಿಯೇ ಸಂಶೋಧಕಿಯಾದರೆ ಆ ಸಂಶೋಧನೆಗೆ ಬೆಲೆ ಇದೆಯೇ?

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಅಧ್ಯಯನ ನಡೆಯಲಿದೆಯಂತೆ. ಹಿಂದೆ ಕಾಯಿಲೆಯಾಗಿ, ಈಗ ಮಾತ್ರೆ ತೆಗೆದುಕೊಳ್ಳುತ್ತ ಚೆನ್ನಾಗಿರುವ ನನ್ನ ತಂಗಿಯನ್ನು ‘ಸಂಶೋಧನಾ ತಂಡ ಸೇರಿಕೊಳ್ಳಿ’ ಎಂದು ಕೇಳಿದ್ದಾರೆ. ರೋಗಿಯನ್ನು ಪರೀಕ್ಷಿಸುವುದು ಸರಿ. ರೋಗಿಯೇ ಸಂಶೋಧಕಿಯಾದರೆ ಅದಕ್ಕೆ ಬೆಲೆ ಇರುತ್ತದೆಯೇ? ಅವಳಿಗೆ ಏನೂ ತೊಂದರೆಯಾಗುವುದಿಲ್ಲವೇ?
– ಓದುಗರು, ಮಂಡ್ಯ ಜಿಲ್ಲೆ

ಉತ್ತರ: ಮೈಸೂರು, ಮಂಡ್ಯ ಕಡೆಯಿಂದ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಕೆಲವರು ಅನುಮಾನದಿಂದ ಕೇಳುತ್ತಾರೆ, ಕೆಲವರು ಭಯದಿಂದ. ನಿಮ್ಮ ಪ್ರಶ್ನೆಯಲ್ಲಿ ಎರಡೂ ಇವೆ. ಅನುಮಾನವನ್ನು ಮೊದಲು ನೋಡೋಣ. ಭಯಕ್ಕೇ ಹೆಚ್ಚು ಆಧಾರವಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಇಸಿಟಿ ಎಂಬ ಚಿಕಿತ್ಸೆಯ ಹೆಸರು ಕೇಳಿರುತ್ತೀರಿ. ನಮ್ಮ ಕಡೆ ‘ಕರೆಂಟ್ ಕೊಡಿಸುವುದು’ ಎನ್ನುತ್ತಾರೆ. ಅದರಿಂದ ಉಪಯೋಗವಾಯಿತೇ ಎಂದು ರೋಗಿಗಳನ್ನು ವೈದ್ಯರು ಬಹಳ ಕಾಲದಿಂದ ಕೇಳುತ್ತ ಬಂದಿದ್ದರು. ಹೆಚ್ಚಿನವರು ಹೌದು ಎನ್ನುತ್ತಿದ್ದರು. ಅದೇ ಪ್ರಶ್ನೆಯನ್ನು ಚಿಕಿತ್ಸೆ ಪಡೆದವರ ಸಂಘಗಳು ಕೇಳಿದಾಗ ಉತ್ತರ ಬೇರೆಯಾಗುತ್ತಿತ್ತು. ಲಂಡನ್ನಿನ ಡಯಾನಾ ರೋಸ್ ಮತ್ತು ಸಂಗಡಿಗರು ಇವೆರಡನ್ನೂ ಎದುರುಬದುರು ಇಟ್ಟು ನೋಡಿದರು. ರೋಸ್ ಸ್ವತಃ ಇಸಿಟಿ ಪಡೆದವರು, ಸಂಶೋಧಕಿಯೂ ಹೌದು. ವೈದ್ಯರು ನಡೆಸಿದ 26 ಅಧ್ಯಯನಗಳು, ರೋಗಿಗಳೇ ನಡೆಸಿದ ಅಥವಾ ಅವರ ಜೊತೆಗೂಡಿ ನಡೆಸಿದ 9 ವರದಿಗಳು ಅವರ ಮುಂದಿದ್ದವು. 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಬಂತು. ರೋಗಿಗಳು ಕೇಳಿದ ಕಡೆ ‘ಪ್ರಯೋಜನವಾಯಿತು’ ಎಂದವರು ಕಡಿಮೆ. ಬಹುಕಾಲ ಉಳಿದ ಮರೆವಿನ ಬಗ್ಗೆ ಹೇಳಿದವರ ಪ್ರಮಾಣ ಅಧ್ಯಯನದಿಂದ ಅಧ್ಯಯನಕ್ಕೆ ಶೇ. 29ರಿಂದ 55ರವರೆಗೆ ಇತ್ತು.

ವೈದ್ಯರು ಸುಳ್ಳು ಬರೆದಿರಲಿಲ್ಲ. ಚಿಕಿತ್ಸೆ ಮುಗಿದ ಸ್ವಲ್ಪ ದಿನಗಳಲ್ಲೇ, ಆಸ್ಪತ್ರೆಯೊಳಗೇ, ನಾಲ್ಕಾರು ಪ್ರಶ್ನೆ ಕೇಳಿ ಮುಗಿಸಿದ ಅಧ್ಯಯನಗಳು ಅವುಗಳಲ್ಲಿ ಬಹಳ. ಮದುವೆಮನೆಯಲ್ಲಿ ಬಡಿಸಿದವರೇ ಬಂದು ‘ಸಾರು ಹೇಗಿತ್ತು’ ಎಂದು ಕೇಳಿದರೆ ಯಾರು ತಾನೇ ಉಪ್ಪು ಹೆಚ್ಚು ಎನ್ನುತ್ತಾರೆ? ಹಾಗೆಂದು ರೋಗಿಗಳ ವರದಿಯೇ ಪೂರ್ಣ ಸತ್ಯ ಎನ್ನಲಾಗದು. ನೊಂದವರು ನೊಂದವರ ಸಂಘಕ್ಕೆ ಹೆಚ್ಚಾಗಿ ಬರುತ್ತಾರೆ. ಆದರೆ ಯಾರು, ಎಲ್ಲಿ, ಯಾವಾಗ ಕೇಳುತ್ತಾರೆ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ ಎಂಬುದು ಅಳತೆಯ ಪ್ರಶ್ನೆ. ಇದರಲ್ಲಿ ಕರುಣೆಯ ಮಾತು ಬರುವುದೇ ಇಲ್ಲ. ನಿಮ್ಮ ತಂಗಿಯನ್ನು ತಂಡಕ್ಕೆ ಕರೆದದ್ದು ಉಪಕಾರವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅಳತೆ ಸರಿಯಾಗಲು ಅವಳು ಬೇಕು. (ಇದನ್ನು ಓದಿ ಇಸಿಟಿಗೆ ಹೆದರುವುದೂ ಬೇಡ. ತೀವ್ರ ಖಿನ್ನತೆಯಲ್ಲಿ ಅದು ಜೀವ ಉಳಿಸಬಲ್ಲದು. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದೆ ಅದನ್ನು ಕೊಡುವುದನ್ನು ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ.)

ಈಗ ನಿಮ್ಮ ಜಿಲ್ಲೆಗೆ ಬರೋಣ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ 34,802 ವಯಸ್ಕರನ್ನು ಮಾತನಾಡಿಸಿತು. ಕರ್ನಾಟಕ ಆ ಹನ್ನೆರಡರಲ್ಲಿ ಇರಲಿಲ್ಲ, ಕೋಲಾರದಲ್ಲಿ ಪೂರ್ವಭಾವಿ ಪ್ರಯೋಗ ಮಾತ್ರ ನಡೆದಿತ್ತು. ವಯಸ್ಕರಲ್ಲಿ ಶೇ. 10.6 ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇದ್ದುದು ಕಂಡುಬಂತು. ಅಂಥವರಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ, ಕಾಯಿಲೆ ಯಾವುದೆಂಬುದನ್ನು ಅನುಸರಿಸಿ, ಶೇ. 70ರಿಂದ 92. ಇಂಥ ಲೆಕ್ಕ ಖಂಡಿತ ಬೇಕು. ಅದಿಲ್ಲದೆ ಯಾವ ಸರ್ಕಾರವೂ ಹಣ ಬಿಡುಗಡೆ ಮಾಡುವುದಿಲ್ಲ. ಆದರೆ ಚಿಕಿತ್ಸೆ ಸಿಕ್ಕ ಮೇಲೂ ಬಿಟ್ಟವರು ಯಾಕೆ ಬಿಟ್ಟರು ಎನ್ನುವುದು ಅದರಲ್ಲಿ ಸಿಗುವುದಿಲ್ಲ.

ಮಾತ್ರೆ ಯಾಕೆ ನಿಲ್ಲಿಸಿದಿರಿ ಎಂದು ಕೇಳುವ ನಮೂನೆಗಳಲ್ಲಿ ಸಾಮಾನ್ಯವಾಗಿ ‘ಅಡ್ಡಪರಿಣಾಮ’ ಎಂಬ ಒಂದು ಚೌಕವಿರುತ್ತದೆ. ಮದ್ದೂರಿನ ಆಚೆಯ ಯಾವುದೋ ಹಳ್ಳಿಯ ಹೆಂಗಸಿನ ಇಡೀ ದಿನಚರಿ ಆ ಚೌಕದೊಳಗೆ ಅಡಗಿ ಕುಳಿತಿರಬಹುದು. ರಾತ್ರಿಯ ಮಾತ್ರೆಯ ಮಂಪರು ಬೆಳಗಿನ ಐದಕ್ಕೆ ಇಳಿದಿರುವುದಿಲ್ಲ. ಹಾಲು ಕರೆದು ಡೇರಿಗೆ ಹಾಕಬೇಕಾದ ಹೊತ್ತು ಅದೇ. ಎರಡು ದಿನ ಹಾಲು ತಪ್ಪಿತೆಂದರೆ ‘ಆ ಮಾತ್ರೆ ಬಿಡು’ ಎನ್ನುವವರು ಮನೆಯವರೇ. ಇನ್ನೊಂದು ಸಂಗತಿಯಂತೂ ಬಾಯಿಗೇ ಬರುವುದಿಲ್ಲ. ರಿಸ್ಪೆರಿಡೋನ್‌ನಂಥ ಕೆಲವು ಔಷಧಗಳು ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸಿ ಕೆಲವರಲ್ಲಿ ಮುಟ್ಟು ನಿಲ್ಲುವಂತೆ ಮಾಡುತ್ತವೆ. ಹೊಸದಾಗಿ ಮದುವೆಯಾದವಳಿಗೆ ಹೀಗಾದರೆ ಮೊದಲು ಬಸಿರೆಂಬ ಸಂಭ್ರಮ, ಆಮೇಲೆ ಮಕ್ಕಳಾಗುವುದಿಲ್ಲವೆಂಬ ಗುಸುಗುಸು. ಅತ್ತೆ ಪಕ್ಕದಲ್ಲೇ ಕುಳಿತಿರುವಾಗ, ಜಗಲಿಯ ಮೇಲೆ ಟ್ಯಾಬ್ ಹಿಡಿದು ಕುಳಿತ ಅಪರಿಚಿತ ಯುವಕನಿಗೆ ಅವಳು ಏನು ಹೇಳಿಯಾಳು? ‘ಮರೆತುಹೋಗುತ್ತಿತ್ತು, ಅದಕ್ಕೆ ಬಿಟ್ಟೆ.’ ಅವನು ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋಗುತ್ತಾನೆ. ಆ ಗುರುತು ಬೆಂಗಳೂರು ತಲುಪುವ ಹೊತ್ತಿಗೆ ‘ಅರಿವಿನ ಕೊರತೆ’ಯಾಗಿರುತ್ತದೆ, ಪರಿಹಾರವಾಗಿ ಭಿತ್ತಿಪತ್ರ ಅಚ್ಚಾಗುತ್ತದೆ.

ಇದನ್ನೆಲ್ಲ ಅನುಭವಿಸಿದವಳು ನಮೂನೆ ಬರೆಯುವ ದಿನವೇ ತಂಡದಲ್ಲಿದ್ದರೆ ಏನನ್ನು ಕೇಳಬೇಕು ಎನ್ನುವುದೇ ಬದಲಾಗುತ್ತದೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳಬೇಕು ಎಂದು ಕೇಳಿ, ಮುಟ್ಟಿನ ಬಗ್ಗೆ ಕೇಳಲು ಹೆಂಗಸನ್ನೇ ಕಳಿಸಿ, ಮನೆಯ ಜಗಲಿ ಬೇಡ, ಅದೇ ಊರಿನ ಆಶಾ ಕಾರ್ಯಕರ್ತೆಯ ಎದುರಿಗೂ ಬೇಡ ಎಂದು ಅವಳು ಹೇಳುತ್ತಾಳೆ. ಆಶಾ ಕಾರ್ಯಕರ್ತೆ ಎಷ್ಟೇ ಒಳ್ಳೆಯವರಾದರೂ ಆಕೆಯ ಅತ್ತೆಯೂ ನಿಮ್ಮ ಅತ್ತೆಯೂ ಒಂದೇ ನಲ್ಲಿಯಲ್ಲಿ ನೀರು ಹಿಡಿಯುತ್ತಾರೆ. ‘ಆಸ್ಪತ್ರೆಗೆ ಬರುವ ಮೊದಲು ಯಂತ್ರ ಕಟ್ಟಿಸಿದ್ದಿರಾ’ ಎಂಬ ಪ್ರಶ್ನೆಗೆ ಎಲ್ಲರೂ ಇಲ್ಲವೆಂದೇ ಹೇಳುತ್ತಾರೆ, ಯಾಕೆಂದರೆ ಹೌದೆಂದು ಹೇಳಿ ಒಮ್ಮೆ ಬೈಸಿಕೊಂಡಿರುತ್ತಾರೆ. ಇದೂ ಅವಳಿಗೆ ಗೊತ್ತು.

ಗುಣವಾಯಿತು ಎಂದು ತೀರ್ಮಾನಿಸುವ ವಿಚಾರದಲ್ಲಿ ಅಂತರ ಇನ್ನೂ ದೊಡ್ಡದು. ಖಿನ್ನತೆ ಅಳೆಯಲು ಲೋಕದಾದ್ಯಂತ ಬಳಸುವ ಪಿಎಚ್‌ಕ್ಯೂ–9 ಎಂಬ ನಮೂನೆ ಹಿಂದಿನ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ ಕೇಳಿ 27ಕ್ಕೆ ಅಂಕ ಕೊಡುತ್ತದೆ. ಅಂಕ 18ರಿಂದ 6ಕ್ಕೆ ಇಳಿದರೆ ಸಂಶೋಧಕರಿಗೆ ಸಂತೋಷ. ಆದರೆ ಬೀಗರ ಊಟಕ್ಕೆ ಅವಳನ್ನು ಕರೆದುಕೊಂಡು ಹೋಗುತ್ತಾರೆಯೇ? ಸ್ತ್ರೀಶಕ್ತಿ ಸಂಘದ ಸಾಲಕ್ಕೆ ಸಹಿ ಹಾಕಲು ಬಿಡುತ್ತಾರೆಯೇ? ಒಂದು ದಿನ ಸಿಟ್ಟು ಬಂದರೆ ‘ಮತ್ತೆ ಶುರುವಾಯಿತು’ ಎನ್ನದೆ ಅದನ್ನು ಸಿಟ್ಟು ಎಂದೇ ತಿಳಿಯುತ್ತಾರೆಯೇ? ನನ್ನನ್ನು ಕೇಳಿದರೆ ಈ ಕೊನೆಯ ಪ್ರಶ್ನೆ ಒಂಬತ್ತಕ್ಕೂ ಸಮ.

ಇದು ನಮ್ಮಲ್ಲಿ ಆಗುವ ಕೆಲಸವೇ ಎಂದರೆ, ಮೈಸೂರಿನಲ್ಲಿ ಬೇರೊಂದು ಕ್ಷೇತ್ರದಲ್ಲಿ ಆಗಿದೆ. ಲೈಂಗಿಕ ವೃತ್ತಿಯಲ್ಲಿರುವವರ ಸಂಘಟನೆ ಅಶೋದಯ ಸಮಿತಿ, 2004ರಲ್ಲಿ ಆರಂಭವಾದ ಎಚ್‌ಐವಿ ತಡೆ ಯೋಜನೆಯಿಂದ ಬೆಳೆದದ್ದು. ಎಚ್‌ಐವಿ ಬಾರದಂತೆ ಮುಂಚಿತವಾಗಿ ತೆಗೆದುಕೊಳ್ಳುವ ಮಾತ್ರೆಯನ್ನು ಮೈಸೂರು ಮತ್ತು ಮಂಡ್ಯದಲ್ಲಿ ಪ್ರಾಯೋಗಿಕವಾಗಿ ಕೊಟ್ಟಾಗ ಅದನ್ನು ಮುನ್ನಡೆಸಿದ್ದು ಈ ಸಮುದಾಯವೇ. ಮಾತ್ರೆ ಬರುವ ಮೊದಲು ಅವರಲ್ಲೇ ಚರ್ಚೆ ನಡೆಯಿತು, ಗಾಳಿಮಾತುಗಳಿಗೆ ಅವರೇ ಉತ್ತರ ಕೊಟ್ಟರು, ಮಾತ್ರೆ ತೆಗೆದುಕೊಳ್ಳುವವರಿಗೆ ಜೊತೆಯವರೇ ಬೆಂಬಲವಾದರು. ಸೇರಿದ ಮಹಿಳೆಯರಲ್ಲಿ ಬಹುಪಾಲು ಮಂದಿ ಕೊನೆಯವರೆಗೂ ಉಳಿದರು. ದಿನಾ ಮಾತ್ರೆ ನುಂಗಿಸುವ ಅಧ್ಯಯನ ಮಾಡಿದ ಯಾರನ್ನಾದರೂ ಕೇಳಿ, ಇದು ಎಷ್ಟು ಕಷ್ಟವೆಂದು ಹೇಳುತ್ತಾರೆ. ಮಾನಸಿಕ ಆರೋಗ್ಯದ್ದೇ ಬೇಕೆಂದರೆ ನೇಪಾಳದ ಚಿತ್ವನ್‌ನಲ್ಲಿ, ಕಾಯಿಲೆಯಿಂದ ಚೇತರಿಸಿಕೊಂಡವರು ತಾವೇ ತೆಗೆದ ಫೋಟೋಗಳೊಂದಿಗೆ ಆರೋಗ್ಯ ಸಿಬ್ಬಂದಿಯ ತರಬೇತಿಯಲ್ಲಿ ಪಾಲ್ಗೊಂಡ ಪ್ರಯೋಗವಿದೆ.

ಆದರೆ ಎಲ್ಲ ಕರೆಯೂ ಇಂಥದ್ದಲ್ಲ. ಕಾಯಿಲೆಯ ಅನುಭವವಿದ್ದವರ ಸಮಿತಿ ಇರಬೇಕೆಂದು ಹಣ ಕೊಡುವವರು ಕೇಳತೊಡಗಿದ ಮೇಲೆ ಸಮಿತಿಗಳು ಹೆಚ್ಚಾಗಿವೆ. ಸಭೆಗೆ ಕರೆದು, ಹೂಗುಚ್ಛ ಕೊಟ್ಟು, ಫೋಟೋ ತೆಗೆದು, ಅಚ್ಚಾಗಿ ಬಂದ ಪ್ರಶ್ನಾವಳಿಯನ್ನು ತೋರಿಸಿ ‘ಚೆನ್ನಾಗಿದೆಯಲ್ಲವೇ’ ಎನ್ನುವವರೂ ಇದ್ದಾರೆ. ಪರೀಕ್ಷಿಸುವ ದಾರಿ ಸುಲಭ: ಪ್ರಶ್ನಾವಳಿ ಆಗಲೇ ಸಿದ್ಧವಾಗಿದೆಯೇ ಎಂದು ತಂಗಿ ಕೇಳಲಿ. ಸಿದ್ಧವಾಗಿದ್ದರೆ, ತನ್ನಂಥವರ ಮಾತಿನಿಂದ ಅದರಲ್ಲಿ ಬದಲಾದ ಒಂದು ಸಾಲು ತೋರಿಸಿ ಎನ್ನಲಿ. ತೋರಿಸಲಾಗದಿದ್ದರೆ ಆ ಕುರ್ಚಿ ಅಲಂಕಾರಕ್ಕೆ.

ಇನ್ನು ನಿಮ್ಮ ಭಯ. ಮೊದಲ ಮಾತು: ಇದು ತಂಗಿಯ ತೀರ್ಮಾನ. ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ನಿರ್ಧಾರ ಮಾಡಲಾರದವರೆಂದು ಎಣಿಸುವಂತಿಲ್ಲ ಎನ್ನುತ್ತದೆ 2017ರ ಕಾಯ್ದೆ. ಅದೇ ಕಾಯ್ದೆಯ 99ನೇ ಕಲಂ ಪ್ರಕಾರ ಬರೀ ಸಂದರ್ಶನ ಮಾಡುವ ಸಂಶೋಧನೆಗೂ ಆ ವ್ಯಕ್ತಿಯ ಸ್ವತಂತ್ರ ಒಪ್ಪಿಗೆ ಬೇಕು, ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು. ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲೇ ಕಾಯಿಲೆ ಇರುವ ಅಥವಾ ಹಿಂದೆ ಇದ್ದವರ ಪರವಾಗಿ ಇಬ್ಬರಿಗೆ ಜಾಗ ಕೊಟ್ಟಿರುವುದೂ ಈ ಕಾಯ್ದೆಯೇ. ಹಾಗಾಗಿ ‘ರೋಗಿಗೆ ಅಲ್ಲೇನು ಕೆಲಸ’ ಎಂದವರಿಗೆ ಕಾನೂನನ್ನೇ ತೋರಿಸಬಹುದು.

ನಿಜವಾದ ಅಪಾಯ ಊರಿನದು. ಸಂಶೋಧಕರು ಮೂರು ವರ್ಷಕ್ಕೆ ಗಂಟು ಕಟ್ಟಿಕೊಂಡು ಹೋಗುತ್ತಾರೆ. ‘ಮೀಟಿಂಗಿನಲ್ಲಿ ತನ್ನ ಕಾಯಿಲೆ ಹೇಳಿಕೊಂಡವಳು’ ಎಂಬ ಹೆಸರು ಅವಳಿಗೇ ಉಳಿಯುತ್ತದೆ, ಮಗಳ ಸಂಬಂಧ ನೋಡುವಾಗಲೂ ಬರುತ್ತದೆ. ತಂಡದಲ್ಲಿ ಕೆಲಸ ಮಾಡಲು ವೇದಿಕೆ ಹತ್ತಬೇಕಾಗಿಲ್ಲ. ತನ್ನ ಊರಿನ ಬದಲು ಬೇರೆ ತಾಲ್ಲೂಕಿನಲ್ಲಿ ಸಂದರ್ಶನ ಮಾಡುವುದು, ವರದಿಯಲ್ಲಿ ಹೆಸರು ಬೇಕೋ ಬೇಡವೋ ಎಂದು ತಾನೇ ಹೇಳುವುದು, ಫೋಟೋ ನಿರಾಕರಿಸುವುದು, ಇವೆಲ್ಲ ಕೇಳಬಹುದಾದ ಷರತ್ತುಗಳು. ಬೇರೆಯವರ ಕಥೆ ಕೇಳುತ್ತ ತನ್ನ ಹಳೆಯ ದಿನಗಳು ಮೇಲೆದ್ದು ಬರುವುದೂ ಉಂಟು. ಆಗ ಕೆಲವು ದಿನ ಬಿಡುವು ಸಿಗುತ್ತದೆಯೇ, ಸಂಬಳ ಕಡಿತವಾಗುತ್ತದೆಯೇ, ಯಾರೊಂದಿಗೆ ಮಾತನಾಡಬೇಕು ಎಂದು ಮೊದಲೇ ಕೇಳಿಕೊಳ್ಳಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ.

ದುಡ್ಡಿನ ಬಗ್ಗೆ ಸಂಕೋಚ ಬೇಡ. ಬರೀ ಮಾಹಿತಿ ಕೊಡುವವರಿಗೂ ಪ್ರಯಾಣದ ಖರ್ಚು, ತಪ್ಪಿದ ಕೂಲಿ ಭರಿಸಬಹುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುತ್ತದೆ. ತಂಡದಲ್ಲಿ ದುಡಿಯುವವಳಿಗೆ ಸಂಬಳವೇ ಸಿಗಬೇಕು, ಕಾಫಿ ತಿಂಡಿ ಸಾಲದು. ಅಧ್ಯಯನಕ್ಕೆ, ಅದರಲ್ಲಿ ಭಾಗವಹಿಸುವವರ ಹಿತ ಕಾಯುವ ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕಿದೆಯೇ, ದೂರು ಬಂದರೆ ಆ ಸಮಿತಿಯನ್ನು ಸಂಪರ್ಕಿಸುವುದು ಹೇಗೆ ಎನ್ನುವುದೂ ಅವರು ಕೊಡುವ ಮಾಹಿತಿ ಪತ್ರದಲ್ಲಿರಬೇಕು. ಇವುಗಳನ್ನು ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು. ಸೇರುವ ಮೊದಲೇ ಬರವಣಿಗೆಯಲ್ಲಿ, ಕನ್ನಡದಲ್ಲಿ, ಸಹಿಯೊಂದಿಗೆ ಪಡೆಯಲಿ.