ಗಾಜನ್ನು ಗೀರಿದ ಮಾತ್ರಕ್ಕೆ ಹರಳು ಅಸಲಿಯೇ?

ಪ್ರಶ್ನೆ: ನನ್ನಲ್ಲಿರುವ ಹರಳು ಅಸಲಿಯೋ ನಕಲಿಯೋ ಎಂದು ಮನೆಯಲ್ಲೇ ತಿಳಿಯುವುದು ಹೇಗೆ? ಗಾಜಿನ ಮೇಲೆ ಗೀರಿ ನೋಡಿದರೆ ಸಾಕೇ?

ಉತ್ತರ: ಸಾಲದು. ಇದನ್ನು ಹಿಂದೆಯೂ ಹಲವು ಬಾರಿ ಹೇಳಿದ್ದೇನೆ. ಆದರೂ ಅದೇ ಪ್ರಶ್ನೆ ಬರುತ್ತಲೇ ಇರುವುದರಿಂದ ಈ ಸಲ ಕಾರಣಸಹಿತ ಬರೆಯುತ್ತೇನೆ.

ಗೀರು ಬಿದ್ದರೆ ತಿಳಿಯುವುದು ಆ ಹರಳು ಗಾಜಿಗಿಂತ ಗಡುಸು ಎಂಬುದಷ್ಟೇ. ಜರ್ಮನಿಯ ಖನಿಜತಜ್ಞ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ, 1ರಿಂದ 10ರವರೆಗಿನ ಗಡಸುತನದ ಮಾಪಕದಲ್ಲಿ ಸಾಮಾನ್ಯ ಗಾಜಿನ ಸ್ಥಾನ ಸುಮಾರು 5.5. ಅಗ್ಗದ ಸ್ಫಟಿಕದ್ದು 7. ವಜ್ರದ ಬದಲಿಗೆ ಬಳಸುವ ಕ್ಯೂಬಿಕ್ ಜಿರ್ಕೋನಿಯಾದ್ದು 8ಕ್ಕೂ ಹೆಚ್ಚು, ಮಾಯಿಸನೈಟ್‌ನದ್ದು 9.25. ಇವೆಲ್ಲವೂ ಗಾಜನ್ನು ಸಲೀಸಾಗಿ ಗೀರುತ್ತವೆ, ಆದರೆ ಇವುಗಳಲ್ಲಿ ಒಂದೂ ವಜ್ರವಲ್ಲ. ಅಪ್ಪಟ ಮುತ್ತಿಗಾದರೋ ಗಾಜನ್ನು ಗೀರುವಷ್ಟು ಗಡಸುತನವೇ ಇಲ್ಲ. ಹಾಗೆಂದು ಅದನ್ನು ನಕಲಿ ಎನ್ನಲಾದೀತೇ? ಬಣ್ಣದ ಗಾಜಿನ ನೆತ್ತಿಗೆ ಗಾರ್ನೆಟ್ ಎಂಬ ಕೆಂಪು ಕಲ್ಲಿನ ತೆಳು ಹೋಳನ್ನು ಬೆಸೆದು ಮಾಡಿದ ಜೋಡುಹರಳುಗಳು ಹಳೆಯ ಒಡವೆಗಳಲ್ಲಿ ಇಂದಿಗೂ ಸಿಗುತ್ತವೆ. ಅವುಗಳ ಮೇಲ್ಭಾಗ ಗಾಜನ್ನು ಗೀರುತ್ತದೆ, ಕೆಳಗಿರುವುದು ಮಾತ್ರ ಬರೀ ಗಾಜು! ಇಷ್ಟು ಸಾಲದೆಂಬಂತೆ, ಒತ್ತಿ ಗೀರುವಾಗ ಪಚ್ಚೆಯಂಥ ಪೆಡಸು ಹರಳಿನ ಅಂಚು ಚಕ್ಕೆಯೇಳಬಹುದು. ವಜ್ರವೂ ಕೆಲವು ದಿಕ್ಕುಗಳಲ್ಲಿ ಪೆಟ್ಟು ಬಿದ್ದರೆ ಸೀಳುತ್ತದೆ. ಗಡಸುತನವೇ ಬೇರೆ, ಪೆಟ್ಟು ತಾಳುವ ಶಕ್ತಿಯೇ ಬೇರೆ. ದಯವಿಟ್ಟು ಈ ಪರೀಕ್ಷೆಯನ್ನು ಕೈಬಿಡಿ.

ಅದರ ಬದಲು ಹತ್ತುಪಟ್ಟು ಹಿಗ್ಗಿಸಿ ತೋರಿಸುವ ಮಸೂರವೊಂದನ್ನು ಕೊಳ್ಳಿ. ಹರಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಪಕ್ಕದಿಂದ ಬೆಳಕು ಬೀಳುವಂತೆ ಹಿಡಿದು ಒಳಗನ್ನು ನಿಧಾನವಾಗಿ ನೋಡಿ. ದುಂಡನೆಯ ಗಾಳಿಗುಳ್ಳೆ, ಸುಳಿಸುಳಿಯಾದ ಬಣ್ಣದ ಎಳೆ, ಸವೆದು ಮೊಂಡಾದ ಅಂಚು ಇವು ಗಾಜಿನ ಕಡೆಗೆ ಬೆರಳು ತೋರಿಸುತ್ತವೆ. ಒಂದು ಕೋನದಲ್ಲಿ ಸೇರುವ ಸೂಜಿಯೆಳೆಗಳು ಕಂಡರೆ ಅದು ನೈಸರ್ಗಿಕ ಮಾಣಿಕ್ಯವೋ ನೀಲವೋ ಆಗಿರುವ ಸಾಧ್ಯತೆ ಹೆಚ್ಚು. ಜೋಡುಹರಳಿನ ಅನುಮಾನವಿದ್ದರೆ ಅದನ್ನು ಬಿಳಿ ಕಾಗದದ ಮೇಲೆ ಬೋರಲಾಗಿಡಿ: ಹರಳಿನ ಬಣ್ಣ ಯಾವುದೇ ಇರಲಿ, ಗಾರ್ನೆಟ್ಟಿನ ಹೋಳು ಅಂಚಿನ ಸುತ್ತ ಕೆಂಪು ಉಂಗುರವಾಗಿ ಕಾಣುವುದುಂಟು.

ಇಲ್ಲಿಗೆ ಬಂದಮೇಲೆ, ಯಾರೂ ನೇರವಾಗಿ ಕೇಳದ ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಓಗಸ್ಟ್ ವೆರ್ನ್ಯೂಯಿ 1902ರಲ್ಲಿ ಪ್ರಕಟಿಸಿದ. ಹಾಗೆ ಬೆಳೆಸಿದ ಹರಳಿನ ರಾಸಾಯನಿಕ ರಚನೆ, ಗಡಸುತನ, ಸಾಂದ್ರತೆ ಎಲ್ಲವೂ ನೆಲದಡಿಯ ಮಾಣಿಕ್ಯದವೇ. ಹಾಗಾಗಿ ಅದು ಮಾಣಿಕ್ಯವೇ ಹೌದು, ನೈಸರ್ಗಿಕ ಮಾತ್ರ ಅಲ್ಲ. ನೈಸರ್ಗಿಕವೆಂದು ಹೇಳಿ ಮಾರಿದರೆ ಮಾತ್ರ ಮೋಸ. ಒಳಗಿನ ಬಾಗಿದ ಗೆರೆಗಳು ಕೆಲವೊಮ್ಮೆ ಅದರ ಗುಟ್ಟನ್ನು ಬಿಟ್ಟುಕೊಡುತ್ತವೆ. ಆದರೆ ಬೇರೆ ವಿಧಾನಗಳಲ್ಲಿ ಬೆಳೆಸಿದ ಹರಳುಗಳಲ್ಲಿ ಆ ಗೆರೆಗಳೂ ಇರುವುದಿಲ್ಲವಾದ್ದರಿಂದ, ಬೆಲೆಬಾಳುವ ಕಲ್ಲಾದರೆ ರತ್ನಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು, ಅದು ನೈಸರ್ಗಿಕವೋ ಅಲ್ಲವೋ ಎಂಬುದನ್ನು ಬರಹದಲ್ಲೇ ಪಡೆಯಿರಿ.