ಪ್ರೋಟೀನ್ ಜೆಲ್ ಎರೆಯುವಾಗ ಗಾಳಿಯ ಮೇಲೊಂದು ಕಣ್ಣಿರಲಿ

ಅಗರೋಸ್ ಜೆಲ್ ತುಪ್ಪದ ಹಾಗೆ. ತಣ್ಣಗಾದರೆ ಗಟ್ಟಿ, ಕಾಸಿದರೆ ಮತ್ತೆ ನೀರು. ವಿದ್ಯುತ್ ಹರಿಸಿ ಪ್ರೋಟೀನ್ ಓಡಿಸಿ ಬೇರ್ಪಡಿಸುವ ಪಾಲಿಅಕ್ರಿಲಮೈಡ್ ಜೆಲ್ ಗಿಣ್ಣಿನ ಹಾಗೆ. ಒಮ್ಮೆ ಗಟ್ಟಿಯಾದರೆ ಮುಗೀತು. ಇಲ್ಲಿ ನಡೆಯುವುದು ರಾಸಾಯನಿಕ ಕ್ರಿಯೆ: ಎಪಿಎಸ್ (ಅಮೋನಿಯಂ ಪರ್‌ಸಲ್ಫೇಟ್) ಒಡೆದು ಫ್ರೀ ರ‍್ಯಾಡಿಕಲ್ (ಥಟ್ಟನೆ ಕ್ರಿಯೆಗಿಳಿಯುವ ಕಣಗಳು) ಹುಟ್ಟುತ್ತವೆ, ಟೆಮೆಡ್ ಎಂಬ ರಾಸಾಯನಿಕ ಅದಕ್ಕೆ ವೇಗ ಕೊಡುತ್ತದೆ. ಅಕ್ರಿಲಮೈಡ್ ಉದ್ದ ಸರಪಳಿಯಾಗುತ್ತದೆ, ಬಿಸ್-ಅಕ್ರಿಲಮೈಡ್ ಅವನ್ನು ಅಡ್ಡಡ್ಡ ಹೆಣೆಯುತ್ತದೆ. ಗಾಳಿಯ ಆಮ್ಲಜನಕ ಈ ರ‍್ಯಾಡಿಕಲ್‌ಗಳನ್ನೇ ನುಂಗಿಬಿಡುತ್ತದೆ. ಇಷ್ಟು ಗೊತ್ತಿದ್ದರೆ ಪ್ರೋಟೊಕಾಲ್‌ನ ಅರ್ಧ ಸಾಲುಗಳಿಗೆ ಕಾರಣ ಸಿಕ್ಕಿತು.

ಮೊದಲು, ಜೆಲ್ ಎರೆಯಲು ಬೇಕಾದ ಎರಡು ಗಾಜಿನ ಹಲಗೆ. ತೊಳೆದು, ಎಥನಾಲ್ ಹಾಕಿ ಒರೆಸಿ. ಎರಡೂ ಗಾಜಿನ ತಳ ಸಮವಾಗಿರಬೇಕು, ಹಾಗಾಗಿ ಮೇಜಿನ ಮೇಲೆ ನಿಲ್ಲಿಸಿಕೊಂಡೇ ಕ್ಲಾಂಪ್ ಬಿಗಿಯಿರಿ. ನೀರು ತುಂಬಿ ಸೋರುತ್ತದಾ ನೋಡಿ. ನಾನೊಮ್ಮೆ ಇದನ್ನು ಬಿಟ್ಟೆ. ಟೀ ಕುಡಿದು ಬರುವಷ್ಟರಲ್ಲಿ ಜೆಲ್ ಎಲ್ಲಾ ಟ್ರೇಯಲ್ಲಿತ್ತು! ಸ್ಯಾಂಪಲ್ ತುಂಬುವ ಗುಳಿಗಳನ್ನು (ಬಾವಿ) ಮಾಡುವ ಬಾಚಣಿಗೆ ಇಟ್ಟು, ಅದರ ಹಲ್ಲಿನಿಂದ 1 ಸೆಂ.ಮೀ. ಕೆಳಗೆ ಗಾಜಿನ ಹೊರಗೆ ಗೆರೆ ಎಳೆಯಿರಿ. ಜೆಲ್ ಎರಡು ಪದರ: ಕೆಳಗಿನ ಜೆಲ್ ಅಲ್ಲಿಯವರೆಗೆ ಮಾತ್ರ, ಅದರ ಮೇಲೆ ಮೇಲಿನದು.

12% ಕೆಳಜೆಲ್ 10 ಮಿ.ಲೀ.ಗೆ: ನೀರು 3.3, 30% ಅಕ್ರಿಲಮೈಡ್ 4, ಪಿಎಚ್ 8.8ರ 1.5 ಮೋಲಾರ್ ಟ್ರಿಸ್ ಬಫರ್ 2.5, 10% ಎಸ್‌ಡಿಎಸ್ (ಪ್ರೋಟೀನ್‌ಗೆ ಋಣ ಚಾರ್ಜ್ ಕೊಡುವ ಡಿಟರ್ಜೆಂಟ್) 0.1, 10% ಎಪಿಎಸ್ 0.1 ಮಿ.ಲೀ. ಕೊನೆಗೆ ಟೆಮೆಡ್ 4 ಮೈಕ್ರೋಲೀಟರ್. ಗ್ಲೌಸ್ ಬೇಕೇ ಬೇಕು. ಗಟ್ಟಿಯಾಗದ ಅಕ್ರಿಲಮೈಡ್ ನರಗಳಿಗೆ ವಿಷ. ಜೋರಾಗಿ ಕಲಕಬೇಡಿ, ಗಾಳಿ ಸೇರುತ್ತದೆ. ಫ್ರಿಜ್‌ನಿಂದ ತೆಗೆದ ತಕ್ಷಣವೂ ಬಳಸಬೇಡಿ: ತಣ್ಣನೆಯ ದ್ರಾವಣದಲ್ಲಿ ಆಮ್ಲಜನಕ ಜಾಸ್ತಿ, ಕ್ರಿಯೆಯೂ ನಿಧಾನ. ಎಪಿಎಸ್ ಪುಡಿ ಚೆನ್ನಾಗಿದ್ದರೆ ನೀರು ಬಿದ್ದಾಗ ಸಣ್ಣಗೆ ಚಟಪಟ ಅನ್ನುತ್ತದೆ.

ಎರೆದ ಮೇಲೆ ನೀರು ಬೆರೆಸಿದ ಬ್ಯುಟನಾಲ್ ತೆಳ್ಳಗೆ ಹಾಕುತ್ತೇವೆ. ಇದು ಗಾಳಿ ತಡೆಯುವ ಮುಚ್ಚಳ, ಮೇಲ್ಮೈಯನ್ನೂ ಸಮ ಮಾಡುತ್ತದೆ. ಸುಮಾರು ಅರ್ಧ ಗಂಟೆಗೆ ಅದರ ಕೆಳಗೆ ಸ್ಪಷ್ಟ ಗೆರೆ ಕಂಡರೆ ಜೆಲ್ ಆಯಿತು ಅಂತ. ಬ್ಯುಟನಾಲ್ ಪೂರ್ತಿ ತೊಳೆದು, ಫಿಲ್ಟರ್ ಪೇಪರ್‌ನಿಂದ ಹೀರಿಸಿ. ಉಳಿದರೆ ಮೇಲಿನ ಜೆಲ್ ಅಂಟುವುದಿಲ್ಲ.

ಮೇಲ್ಜೆಲ್ 5%, ಪಿಎಚ್ 6.8. ಎರಡು ಪಿಎಚ್ ಯಾಕೆ ಅಂತ ವೈವಾದಲ್ಲಿ ಕೇಳಿಯೇ ಕೇಳುತ್ತಾರೆ. ವಿಜ್ಞಾನಿ ಲೆಮ್ಲಿ 1970ರಲ್ಲಿ ಪ್ರಕಟಿಸಿದ ಪದ್ಧತಿ ಇದು. 6.8ರಲ್ಲಿ, ಜೆಲ್ ಓಡಿಸುವ ಬಫರಿನ ಗ್ಲೈಸಿನ್‌ಗೆ ಹೆಚ್ಚುಕಡಿಮೆ ಚಾರ್ಜೇ ಇಲ್ಲ, ತೆವಳುತ್ತದೆ. ಮುಂದೆ ಜೆಲ್‌ನಲ್ಲಿರುವ ಕ್ಲೋರೈಡ್ ಓಡುತ್ತಿರುತ್ತದೆ. ನಡುವೆ ಸಿಕ್ಕ ಪ್ರೋಟೀನ್ ಒತ್ತಿಕೊಂಡು ತೆಳ್ಳನೆ ಪಟ್ಟಿಯಾಗುತ್ತದೆ. 8.8ಕ್ಕೆ ಬಂದಾಗ ಗ್ಲೈಸಿನ್‌ಗೆ ಋಣ ಚಾರ್ಜ್ ಏರಿ ಅದು ಪ್ರೋಟೀನನ್ನು ಹಿಂದೆ ಹಾಕುತ್ತದೆ. ಆಮೇಲೆ ಪ್ರೋಟೀನ್‌ಗಳು ತಮ್ಮ ಗಾತ್ರದಂತೆ ಬೇರೆಯಾಗುತ್ತವೆ. ಟ್ರಿಸ್ ಬಾಟಲಿ ಅದಲುಬದಲಾದರೆ ಇದೆಲ್ಲ ಕೆಟ್ಟಿತು, ಅಲ್ವಾ?

ಮೇಲ್ಜೆಲ್ ಎರೆದು ಬಾಚಣಿಗೆಯನ್ನು ಓರೆಯಾಗಿ ಇಳಿಸಿ. ನೇರ ಇಳಿಸಿದರೆ ಹಲ್ಲಿನ ಕೆಳಗೆ ಗುಳ್ಳೆ ಕೂರುತ್ತದೆ, ಅಲ್ಲಿ ಜೆಲ್ ಗಟ್ಟಿಯಾಗುವುದಿಲ್ಲ. ತೆಗೆಯುವಾಗ ಮಾತ್ರ ನೇರ ಮೇಲಕ್ಕೆ, ನಿಧಾನವಾಗಿ. ತಕ್ಷಣ ಬಾವಿಗಳನ್ನು ಬಫರಿನಿಂದ ತೊಳೆಯಿರಿ. ಟ್ಯೂಬಿನಲ್ಲಿ ಮಿಕ್ಕಿದ್ದನ್ನು ಸಿಂಕಿಗೆ ಸುರಿಯದೆ ಗಟ್ಟಿಯಾಗಲು ಬಿಡಿ.